ಭಾವನ ಮನೆಯ ಅಮೆರಿಕನ್ನರು

ನಮ್ಮ ಭಾವನ ಮನೆಯಲ್ಲಿ ಆರು ಜನ ವಾಸವಾಗಿದ್ದಾರೆ. ಅವರಲ್ಲಿ ಕತಾರಿನ ವೀಸಾ ಇರುವುದು ಇಬ್ಬರಿಗೆ ಮಾತ್ರ! ಉಳಿದ ನಾಲ್ವರು ಅಮೆರಿಕನ್ನರು. ಅವರು ಉಣ್ಣುವುದಿಲ್ಲ, ಸ್ನಾನ ಮಾಡುವುದಿಲ್ಲ, ಪ್ಲಗ್ ಕಿತ್ತರೆ ಮಾತು ನಿಲ್ಲಿಸುತ್ತಾರೆ. ಹಾಗೆಂದು ಹೇಳುವಾಗ ನನ್ನ ಅಕ್ಕ ನಗುತ್ತಾಳೇನೋ ನಿಜ. ಆದರೆ ಅವರಿರುವ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಮಾತ್ರ ಕೂರುವುದಿಲ್ಲ.

ಭಾವ ಎಂದರೆ ಈ ಅಕ್ಕನ ಗಂಡ, ಮೈಸೂರಿನವರು. ಕತಾರಿನ ಗ್ಯಾಸ್ ಕಾರ್ಖಾನೆಗಳ ಊರಾದ ರಾಸ್ ಲಫಾನ್‌ನಲ್ಲಿ ಕೆಲಸ. ಏನು ಕೆಲಸ? ಕೇಳುವ ಕೆಲಸ! ಆನೆಯಂಥ ಪಂಪುಗಳ ಮೈಗೆ ಉಪಕರಣ ತಾಗಿಸಿ, ಒಳಗಿನ ಗುಂಯ್ ಗುಡುವ ಸದ್ದನ್ನು ಆಲಿಸಿ, "ಇದರ ಬೇರಿಂಗ್ ಇನ್ನು ಹತ್ತು ದಿನ" ಎಂದು ಆಯುಷ್ಯ ಹೇಳುತ್ತಾರೆ. ಹತ್ತನೆಯ ದಿನ ಅದು ಕೆಟ್ಟು ನಿಲ್ಲುತ್ತದೆ. ಇಂಥ ಕಿವಿ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೆ? ಒಮ್ಮೆ ನಮ್ಮ ಫ್ಲ್ಯಾಟಿಗೆ ಕಾಫಿಗೆ ಬಂದವರು ಲೋಟ ಕೆಳಗಿಟ್ಟು, "ನಿಮ್ಮ ಫ್ರಿಜ್ ನರಳ್ತಾ ಇದೆ ಕಣಮ್ಮ" ಎಂದರು. ಮಂಗಳವಾರ ಫ್ರಿಜ್ ಸತ್ತಿತು. ಅಂದಿನಿಂದ ನಾನು ಅವರೆದುರು ಕೆಮ್ಮುವುದನ್ನೇ ಬಿಟ್ಟಿದ್ದೇನೆ.

ಅಮೆರಿಕನ್ನರು ಬಂದದ್ದು ಹೀಗೆ. ಭಾವನ ಮೇಲಧಿಕಾರಿ ಓಹಿಯೋ ಕಡೆಯ ಒಬ್ಬ ಮುದುಕರು. ನಿವೃತ್ತರಾಗಿ ಊರಿಗೆ ಹೊರಟರು. ಇವರು ಬೀಳ್ಕೊಡಲು ಹೋದಾಗ ವಿಲ್ಲಾದ ಹೊರಗೆ, ಕಸದ ತೊಟ್ಟಿಯ ಪಕ್ಕದಲ್ಲಿ, ಒಂದು ರಟ್ಟಿನ ಪೆಟ್ಟಿಗೆಯ ತುಂಬ ಹಳೆಯ ಕ್ಯಾಸೆಟ್ಟುಗಳಿದ್ದವು.

"ಇದೇನು ಸರ್?"

"ಏನಿಲ್ಲ, ಮನೆ ಸದ್ದು."

ಮನೆ ಸದ್ದು! ನಮ್ಮ ಭಾವನ ಕಿವಿಗೆ ಇದಕ್ಕಿಂತ ಬೇರೆ ಜೇನು ಬೇಕೆ? ಪೆಟ್ಟಿಗೆ ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿರುವ ಅಕ್ಕನ ಮನೆಗೆ ಬಂತು. ಹಿಂದೆಯೇ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರೂ ಬಂತು.

ಅದರಲ್ಲಿ ಹಾಡಿಲ್ಲ, ಭಾಷಣವಿಲ್ಲ. ಮುದುಕರು ಹರೆಯದಲ್ಲಿದ್ದಾಗ ತಮ್ಮ ಮನೆಯ ಸದ್ದನ್ನು ಸುಮ್ಮನೆ ಹಿಡಿದಿಟ್ಟಿದ್ದರು, ಅಷ್ಟೇ. ಹುಲ್ಲು ಕತ್ತರಿಸುವ ಯಂತ್ರ. ಬೀದಿಯಲ್ಲಿ ಐಸ್‌ಕ್ರೀಮ್ ಗಾಡಿಯ ಗಂಟೆ. ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ಕೂಗಾಟ. ಸ್ಪ್ರಿಂಗ್ ಹಾಕಿದ ಸೊಳ್ಳೆಬಲೆಯ ಬಾಗಿಲು ಕಿರ್ರ್ ಎಂದು ತೆರೆದು ಫಟಾರನೆ ಮುಚ್ಚುವುದು. ಎರಡು ಮಕ್ಕಳ ಜಗಳ. ಆಮೇಲೆ ಅಡುಗೆಮನೆಯಿಂದ ಒಬ್ಬ ಹೆಂಗಸಿನ ಕೂಗು: "ವೈಪ್ ಯುವರ್ ಫೀಟ್! ಸಪ್ಪರ್ ರೆಡಿ!" ಕಾಲೊರೆಸಿಕೊಂಡು ಬನ್ನಿ, ಊಟಕ್ಕಾಗಿದೆ.

"ಅಲ್ವೇ, ಬೇರೆಯವರ ಗಂಡಂದಿರು ಶುಕ್ರವಾರ ಮಾಲಿಗೆ ಕರ್ಕೊಂಡ್ ಹೋಗ್ತಾರೆ. ಇವ್ರು ಓಹಿಯೋಗೆ ಹೋಗಿ ಹುಲ್ಲು ಕತ್ತರಿಸ್ತಾ ಕೂತ್ಕೋತಾರೆ!" ಎಂದು ಅಕ್ಕ ದೂರುತ್ತಿದ್ದಳು.

"ಶ್! ಆ ಬಾಗ್ಲು ಕೇಳು. ಎಣ್ಣೆ ಬಿಟ್ಟಿಲ್ಲ ಅವ್ರು" ಎನ್ನುತ್ತಿದ್ದರು ಭಾವ.

ನನಗೂ ಒಂದು ಅನುಭವವಾಯಿತು. ಜೂನ್ ತಿಂಗಳ ಒಂದು ಶುಕ್ರವಾರ, ನಡುಮಧ್ಯಾಹ್ನ. ಬೀದಿಯಲ್ಲಿ ಬೆಕ್ಕೂ ಇಲ್ಲದಂಥ ಬಿಸಿಲು. ಅಕ್ಕ ಅಂಗಡಿಗೆ ಹೋಗಿದ್ದಳು. ನನ್ನ ಹತ್ತಿರವಿದ್ದ ಕೀಲಿಯಿಂದ ಅವರ ಮನೆಯ ಬಾಗಿಲು ತೆರೆದೆ. ಒಳಗೆ ಪರದೆ ಎಳೆದು ಕತ್ತಲು ಮಾಡಿದ್ದರು. ಆ ಕತ್ತಲೊಳಗಿನಿಂದ, ನನ್ನನ್ನೇ ಕಾಯುತ್ತಿದ್ದಂತೆ, "ವೈಪ್ ಯುವರ್ ಫೀಟ್!" ಎಂದಿತು ಧ್ವನಿ. ನಾನೇನು ಮಾಡಿದೆ ಅಂತೀರಿ? ಒರೆಸಿಕೊಂಡೆ! ಎರಡೂ ಕಾಲು! "ಥ್ಯಾಂಕ್ ಯೂ" ಎಂದೂ ಹೇಳಿದೆ. ಹೇಳಿದ ಮೇಲೆ ಅಡುಗೆಮನೆಗೆ ಇಣುಕಿದರೆ ಯಾರೂ ಇಲ್ಲ, ಒಲೆ ತಣ್ಣಗಿದೆ. ಎಲ್ಲೋ ತಟ್ಟೆ ಜೋಡಿಸುವ ಸದ್ದು. ಯಾರೋ ಕುರ್ಚಿ ಎಳೆದು ಕೂತ ಸದ್ದು. ಕೂತವರು ಕಾಣುತ್ತಿಲ್ಲ! ಅಷ್ಟರಲ್ಲಿ ಬಚ್ಚಲುಮನೆಯಿಂದ ಟವೆಲ್ ಸುತ್ತಿಕೊಂಡು ಬಂದ ಭಾವ ಹಲ್ಲು ಕಿಸಿದು ಕೇಳಿದರು: "ಬಂದ್ಯಾ? ಕಾಲೊರೆಸ್ಕೊಂಡ್ಯಾ?"

ನನ್ನ ಗತಿಯೇ ವಾಸಿ. ಎಸಿ ರಿಪೇರಿಗೆ ಬಂದ ಕೇರಳದ ಮನುಷ್ಯನನ್ನು ಕೇಳಿ! ಏಣಿ ಹತ್ತಿ ಎಸಿಯ ಮುಚ್ಚಳಕ್ಕೆ ಕೈ ಹಾಕಿದ್ದ. ಕೋಣೆಯೊಳಗೆ ಮಕ್ಕಳು ಕಿಲಕಿಲನೆ ನಕ್ಕರು.

"ಕಿತನೇ ಬಚ್ಚೇ ಹೈ, ಚೇಚೀ?" ಮಕ್ಕಳೆಷ್ಟು ಅಕ್ಕಾ, ಎಂದು ಪ್ರೀತಿಯಿಂದ ಕೇಳಿದ.

ಅಕ್ಕ ಸತ್ಯವಂತೆ. ಅವಳ ಒಬ್ಬಳೇ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. "ಯಹಾಂ ಕೋಯಿ ಬಚ್ಚಾ ನಹೀ ಹೈ", ಇಲ್ಲಿ ಮಕ್ಕಳೇ ಇಲ್ಲ, ಎಂದಳು.

ಆ ಕ್ಷಣಕ್ಕೆ ಸರಿಯಾಗಿ ಎರಡು ಜೊತೆ ಪುಟ್ಟ ಪಾದಗಳು ದಡದಡನೆ ಬಾಗಿಲವರೆಗೆ ಓಡಿ ಬಂದು, ನಿಂತವು. ಆತ ಏಣಿಯಿಂದ ಇಳಿದದ್ದನ್ನು ಅಕ್ಕ ನೋಡಲಿಲ್ಲ. ಮೇಲಿದ್ದ, ಆಮೇಲೆ ಕೆಳಗಿದ್ದ, ಅಷ್ಟೇ. "ಖಲಾಸ್ ಚೇಚೀ, ಎಸಿ ಓಕೆ!" ಎಂದವನು ಲಿಫ್ಟಿಗೂ ಕಾಯಲಿಲ್ಲ. ಎಸಿಯ ಮುಚ್ಚಳ ತೆರೆದೇ ಇರಲಿಲ್ಲ. ಅವನ ಸ್ಕ್ರೂಡ್ರೈವರ್ ಇಂದಿಗೂ ಅಕ್ಕನ ಮನೆಯಲ್ಲೇ ಇದೆ.

ಇಷ್ಟರವರೆಗೆ ನಗುವ ಮಾತೇ. ಹೋದ ತಿಂಗಳು ಒಂದು ಶುಕ್ರವಾರ ಊಟವಾದ ಮೇಲೆ ಭಾವ ಆ ಕೋಣೆಯಿಂದ ಹೊರಗೆ ಬಂದು ನಮ್ಮಿಬ್ಬರನ್ನು ಕರೆದರು.

"ಇದನ್ನ ಕೇಳಿ."

ಬಾಗಿಲು ಫಟಾರ್. ಚಮಚವೊಂದು ಟಿಣ್ ಎಂದು ಬಿತ್ತು. "ವೈಪ್ ಯುವರ್ ಫೀಟ್! ಸಪ್ಪರ್ ರೆಡಿ!"

ಕ್ಯಾಸೆಟ್ಟು ಬದಲಿಸಿದರು. ಇದು ಪೆಟ್ಟಿಗೆಯ ತಳದಲ್ಲಿದ್ದದ್ದು. ಬಾಗಿಲು ಫಟಾರ್. ಟಿಣ್. ಅದೇ ಕೂಗು.

"ಅದರಲ್ಲೇನಿದೆ? ನಾನೂ ದಿನಾ ಊಟಕ್ಕೆ ಬನ್ನಿ ಅಂತ ಅದೇ ಕೂಗು ಕೂಗ್ತೀನಪ್ಪಾ" ಎಂದಳು ಅಕ್ಕ.

"ಅದೇ ಥರ ಅಲ್ಲ ಕಣೇ, ಅದೇ! ಯಾವ ಬಾಗ್ಲೂ ಎರಡು ಸಲ ಒಂದೇ ಥರ ಬಡ್ಕೊಳಲ್ಲ. ಚಮಚ ಅದೇ ಹೊತ್ತಿಗೆ ಬೀಳಲ್ಲ. ಕಿವಿಗೊಟ್ಟು ಕೇಳು, ಆಯಮ್ಮನ ಧ್ವನಿ ಕೆಳಗೆ ಟೇಪ್ ಓಡೋ ಸದ್ದಿದೆ."

ಕೇಳಿದೆವು. ಧ್ವನಿಯ ಅಡಿಯಲ್ಲಿ ಸಣ್ಣಗೆ ಸುಸ್ ಎನ್ನುತ್ತಿತ್ತು. ಮಕ್ಕಳ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಗಂಡಸಿನ ಧ್ವನಿ, ವಯಸ್ಸಾದದ್ದು, "ಬಂದೆ" ಎಂದಿತು. ಒಂದು ಕುರ್ಚಿ ಸರಿಯಿತು. ಒಂದು ಚಮಚ, ಒಂದು ತಟ್ಟೆ. ಅದು ಬಹಳ ಹೊತ್ತು ನಡೆಯಿತು.

ತಳದ ಈ ಕ್ಯಾಸೆಟ್ಟಿನ ಹೊತ್ತಿಗೆ ಆಕೆ ಬದುಕಿರಲಿಲ್ಲ. ಮುದುಕರು ಹೆಂಡತಿಯ ಹಳೆಯ ಕ್ಯಾಸೆಟ್ಟನ್ನು ಖಾಲಿ ಅಡುಗೆಮನೆಯಲ್ಲಿ ಹಾಕಿ, ಕರೆಸಿಕೊಂಡು, ಉತ್ತರ ಕೊಟ್ಟು, ಒಬ್ಬರೇ ಕೂತು ಉಂಡಿದ್ದರು. ಅದನ್ನೂ ಅಭ್ಯಾಸಬಲದಿಂದ ಹಿಡಿದಿಟ್ಟಿದ್ದರು. ಹಾಗೆ ಒಂದಲ್ಲ, ತಳದಲ್ಲಿ ಒಂಬತ್ತು ಕ್ಯಾಸೆಟ್ಟು!

"ಆಫ್ ಮಾಡ್ರೀ" ಎಂದಳು ಅಕ್ಕ.

ಭಾವ ಆಫ್ ಮಾಡಿ, ಆಗಲೇ ಓಹಿಯೋಗೆ ಫೋನ್ ಹಚ್ಚಿದರು. ಅಲ್ಲಿ ಬೆಳಗಿನ ಹೊತ್ತು. ಸ್ಪೀಕರಿನಲ್ಲಿ ಅದೇ ಧ್ವನಿ, ಇನ್ನಷ್ಟು ಹಣ್ಣಾದದ್ದು.

"ಸರ್, ಆ ಪೆಟ್ಟಿಗೆ ನಾನು ತಂದಿಟ್ಟುಕೊಂಡಿದ್ದೆ. ಕೇಳಿಬಿಟ್ಟೆ. ಕ್ಷಮಿಸಿ. ನಾಳೆಯೇ ಕಳಿಸ್ತೀನಿ."

ಆ ಕಡೆ ಕುರ್ಚಿಯೊಂದು ಸರಿದ ಸದ್ದು. ಪಂಪಿನ ಮನಸ್ಸು ತಿಳಿಯುವ ನಮ್ಮ ಭಾವನಿಗೆ ಆ ಸದ್ದಿನ ಅರ್ಥ ತಿಳಿಯಲಿಲ್ಲ.

"ಅವಳು ಈಗಲೂ ಕರೀತಾಳಾ?" ಎಂದು ಕೇಳಿದರು ಮುದುಕರು.

"ಕರೀತಾರೆ ಸರ್."

"ಬೇಡ, ಕಳಿಸಬೇಡಿ. ಈಗ ಮಗಳ ಮನೆಯಲ್ಲಿದ್ದೇನೆ. ಮೊಮ್ಮಕ್ಕಳ ಜೊತೆ ಕೂತು ಉಣ್ಣುತ್ತೇನೆ. ಆ ಪೆಟ್ಟಿಗೆ ಇಲ್ಲಿಗೆ ಬಂದರೆ ಮತ್ತೆ ಬಾಗಿಲು ಹಾಕಿಕೊಂಡು ಅವಳ ಜೊತೆಯೇ ಉಣ್ಣುತ್ತೇನೆ." ಸ್ವಲ್ಪ ತಡೆದು ಹೇಳಿದರು: "ತೊಟ್ಟಿಯೊಳಗೆ ಹಾಕಲು ಕೈ ಬರಲಿಲ್ಲ. ಪಕ್ಕದಲ್ಲಿಟ್ಟೆ."

ಫೋನಿಟ್ಟ ಮೇಲೆ ಭಾವ ಟೇಪಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತರು, ಒತ್ತಲಿಲ್ಲ. ಅಕ್ಕ ಎದ್ದು ಬಂದು, ಅವರ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.

ಬಾಗಿಲು ಬಡಿಯಿತು. ಹೆಂಗಸು ಕೂಗಿದಳು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಪುಟ್ಟ ಯಂತ್ರದ ಕಡೆ ಬಗ್ಗಿ, ಮನೆಗೆ ಬಂದ ಓರಗಿತ್ತಿಯನ್ನು ಗದರುವಂತೆ ಹೇಳಿದಳು: "ಬಂದ್ವಿ ಕಣಮ್ಮ, ಬಂದ್ವಿ. ಎಷ್ಟು ವರ್ಷದಿಂದ ಬಡಿಸ್ತಾನೇ ಇದ್ದೀಯ. ನೀನೂ ಒಂದ್ಗಳಿಗೆ ಕೂತ್ಕೋ."