ಮಾವನ ಚಂಚಿ ಮತ್ತು ಬೆಂಕಿಯಿಲ್ಲದ ಸಿಗರೇಟು

ಸಿಗರೇಟು ಮುಟ್ಟದವಳು ಸಿಗರೇಟಿನಿಂದಲೇ ಹೊಟ್ಟೆ ಹೊರೆದರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಗುತ್ತಲೇ ಇರುತ್ತದೆ. ನಾನು ಮೈಸೂರಿನವಳು. ಬೆಳ್ಳುಳ್ಳಿ ವಾಸನೆ ಬಂದರೂ ಕಿಟಕಿ ತೆಗೆಯುತ್ತಿದ್ದ ಮನೆಯಲ್ಲಿ ಬೆಳೆದವಳು. ಈಗ ಲಂಡನ್ನಿನ ಒಂದು ಪೇಟೆಂಟ್ ವಕೀಲರ ಆಫೀಸಿನಲ್ಲಿ ಕೆಲಸ. ಯಾರಾದರೂ ಹೊಸದೇನಾದರೂ ಕಂಡುಹಿಡಿದರೆ, "ಇದು ಇವರದ್ದೇ, ಬೇರೆಯವರು ಕದಿಯಬಾರದು" ಎಂದು ಸರ್ಕಾರಕ್ಕೆ ಅರ್ಜಿ ಬರೆದುಕೊಡಬೇಕು. ನನ್ನ ಪಾಲಿಗೆ ಬಂದಿದ್ದು ತಂಬಾಕನ್ನು ಸುಡದೆ ಬರೀ ಕಾಯಿಸಿ ಆವಿ ಮಾಡುವ ಯಂತ್ರಗಳು. ಪೆನ್ನಿನಷ್ಟು ದಪ್ಪದ ಒಂದು ಹಿಡಿಕೆ, ಅದರೊಳಗೆ ಸಿಕ್ಕಿಸಲು ಗಿಡ್ಡ ಸಿಗರೇಟಿನಂಥ ಒಂದು ಕಡ್ಡಿ. ಬೆಂಕಿ ಇಲ್ಲ, ಬೂದಿ ಇಲ್ಲ. ಹೊಗೆ ಎನ್ನುವ ಪದವನ್ನಂತೂ ಅರ್ಜಿಯಲ್ಲಿ ಬರೆಯುವ ಹಾಗೇ ಇಲ್ಲ. ಇಷ್ಟು ವರ್ಷದಲ್ಲಿ ನಾನು ಒಂದು ದಮ್ಮೂ ಎಳೆದಿಲ್ಲ, ಆದರೆ ಎಳೆಯುವವರ ಬಗ್ಗೆ ಬರೆದ ಪುಟಗಳನ್ನು ಜೋಡಿಸಿದರೆ ಒಂದು ಗೋಡೆ ಕಟ್ಟಬಹುದು.

ಗಿಡದ ಕೆಳಗೆ

ನನ್ನನ್ನು ನೋಡಲು ಗಂಡಿನ ಕಡೆಯವರು ವಿಜಯಪುರದಿಂದ ಮೈಸೂರಿಗೆ ಬಂದಿದ್ದರು. ನಾನು ಆಗಲೇ ಲಂಡನ್ನಿನಲ್ಲಿ ಕೆಲಸಕ್ಕಿದ್ದೆ, ರಜಕ್ಕೆ ಬಂದಿದ್ದೆ. ಉಪ್ಪಿಟ್ಟು ಮುಗಿಸಿದ ಮಾವ, ಅಂದರೆ ಗಂಡಿನ ಅಪ್ಪ, ಮೀಸೆ ಒರೆಸಿಕೊಂಡು ಕೇಳಿದರು.

"ನೌಕರಿ ಏನ್ ಮಾಡ್ತಿ ನಮ್ಮವ್ವಾ?"

ತಂಬಾಕು ಎಂದರೆ ಸಂಬಂಧ ಮುರಿದೀತು ಎಂದು ನಮ್ಮಮ್ಮ ಬಾಗಿಲ ಹಿಂದಿನಿಂದ ಕಣ್ಣು ಮಾಡುತ್ತಿದ್ದರು. ನಾನು ಚಿಕ್ಕದಾಗಿ, "ಅರ್ಜಿ ಬರೀತೀನಿ" ಎಂದೆ.

"ಅರ್ಜಿನಾ? ನಮ್ಮೂರಾಗ ತಹಶೀಲ್ದಾರ್ ಕಚೇರಿ ಮುಂದ ಬೇವಿನ ಗಿಡದ ಕೆಳಗ ಕುಂತು ಬರೀತಾರಲ್ಲಾ, ಹಂಗ?"

"ಹೆಚ್ಚೂ ಕಡಿಮೆ ಹಾಗೇ."

ಮಾವನಿಗೆ ಬಹಳ ಸಂತೋಷವಾಯಿತು. ಅರ್ಜಿ ಬರೆಯುವವರ ಕೈಯಲ್ಲಿ ಊರೇ ಇರುತ್ತದೆ ಎಂದರು. ಸಂಬಂಧ ಕುದುರಿತು. ಹೊರಡುವಾಗ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ತುಂಬ ಕಾಳಜಿಯಿಂದ ಕೇಳಿದರು. "ಅಲ್ಲಿ ಬರ್ಫ ಬೀಳ್ತೈತಿ ಅಂತಾರಲ್ಲವಾ, ಗಿಡದ ಕೆಳಗ ಥಂಡಿ ಆಗೂದಿಲ್ಲೇನು?"

ಅದು ನಂದಲ್ಲ

ಯುಗಾದಿಗೆ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದೆವು. ರೇಷ್ಮೆ ಸೀರೆ, ಮಲ್ಲಿಗೆ, ಕೈಯಲ್ಲಿ ಹೋಳಿಗೆ ತಟ್ಟೆ. ಟಿಶ್ಯೂ ತೆಗೆಯೋಣವೆಂದು ಬ್ಯಾಗಿಗೆ ಕೈ ಹಾಕಿದರೆ, ಹಿಂದಿನ ದಿನ ಅರ್ಜಿಗೆ ಚಿತ್ರ ಬರೆಯಲೆಂದು ಆಫೀಸಿನಿಂದ ತಂದಿದ್ದ ಆ ತಂಬಾಕು ಕಾಯಿಸುವ ಯಂತ್ರ ಠಣ್ ಎಂದು ನೆಲಕ್ಕೆ ಬಿತ್ತು. ಬಿದ್ದದ್ದು ಸುಮ್ಮನಿರಬಾರದೇ? ಹಸಿರು ದೀಪ ಹತ್ತಿಸಿಕೊಂಡು ಗುರ್ ಎಂದು ನಡುಗುತ್ತ ಕುಂದಾಪುರದ ಹೆಂಗಸೊಬ್ಬರ ಕಾಲಬಳಿ ಹೋಗಿ ನಿಂತಿತು. ಅವರು ಅದನ್ನು ಎತ್ತಿ, ತಿರುಗಿಸಿ ನೋಡಿ, ನನ್ನ ಸೀರೆ ನೋಡಿದರು.

"ಅದು ನಂದಲ್ಲ! ಆಫೀಸಿಂದು!" ಎಂದೆ. ಇಡೀ ಹಾಲಿಗೆ ಕೇಳಿಸಿತು.

ಪಾಪ, ಒಳ್ಳೆಯ ಹೆಂಗಸು. ಯಂತ್ರವನ್ನು ನನ್ನ ಬ್ಯಾಗಿಗೆ ಹಾಕಿ, ಜಿಪ್ಪು ಎಳೆದು, ಕೈ ತಟ್ಟಿ ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೊಬೇಡಿ ಮಾರಾಯ್ರೆ. ನಮ್ಮ ಯಜಮಾನರೂ ಇಪ್ಪತ್ತು ವರ್ಷದಿಂದ ಅದನ್ನೇ ಹೇಳ್ತಿದ್ದಾರೆ."

ಆಣೆ

ಅತ್ತೆ ತೀರಿಹೋದ ಮೇಲೆ ಮಾವ ಲಂಡನ್ನಿನ ಸಟನ್ ಬಡಾವಣೆಯ ನಮ್ಮ ಮನೆಗೇ ಬಂದರು. ಬಂದಾಗ ಜೊತೆಗಿದ್ದದ್ದು ಎರಡು ಧೋತರ, ಒಂದು ಚಂಚಿ. ಚಂಚಿ ಎಂದರೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು ಎಲ್ಲ ಇಡುವ ಬಟ್ಟೆಯ ಚೀಲ. ಅಂಗೈಯಲ್ಲಿ ತಂಬಾಕು, ಅದರ ಮೇಲೆ ಚೂರು ಸುಣ್ಣ, ಹೆಬ್ಬೆರಳಿನಿಂದ ತಿಕ್ಕಿ, ಪಟಪಟ ತಟ್ಟಿ, ತುಟಿಯೊಳಗೆ ಇಟ್ಟರೆ ಅರ್ಧ ದಿನ ಲೋಕದ ಚಿಂತೆ ಇಲ್ಲ. ಐವತ್ತು ವರ್ಷದ ಅಭ್ಯಾಸ.

ಮಾವನ ಮಂಡಿ ಕೈಕೊಟ್ಟಿತು. ಆಪರೇಷನ್ನಿಗೆ ತಾರೀಖು ಸಿಕ್ಕಿತು. ಅದಕ್ಕೆ ಮುಂಚೆ ಆಸ್ಪತ್ರೆಯ ನರ್ಸು, "ಸ್ಮೋಕ್ ಮಾಡ್ತೀರಾ?" ಎಂದು ಕೇಳಿದರು, ನಾನು ಕನ್ನಡಕ್ಕೆ ಹೇಳಿದೆ. ಮಾವ ಎದೆ ಮುಟ್ಟಿಕೊಂಡು, "ಜನ್ಮದಾಗ ಇಲ್ಲ" ಎಂದರು. ನಿಜವೇ ಅದು. ಆದರೆ ಅಷ್ಟರಲ್ಲಿ ನರ್ಸಿನ ಕಣ್ಣು ಮಡಿಲಲ್ಲಿದ್ದ ಚಂಚಿಯ ಮೇಲೆ ಬಿತ್ತು. ಎಲ್ಲ ಬಿಚ್ಚಿ ನೋಡಿ, ತಂಬಾಕು ಯಾವ ರೂಪದಲ್ಲಿದ್ದರೂ ಬಿಡಲೇಬೇಕು, ಇಲ್ಲದಿದ್ದರೆ ತಾರೀಖು ಮುಂದೆ ಹೋಗುತ್ತದೆ ಎಂದರು.

ಮುಂದೆ ಹೋದರೆ ಮಾವನ ಆಸೆಯೇ ಮುಳುಗುತ್ತಿತ್ತು. ನನ್ನ ಮಗಳು ಆಗ ಪ್ರೈಮರಿಯ ಕೊನೆಯ ವರ್ಷದಲ್ಲಿದ್ದಳು. ಬೇಸಿಗೆ ಕಳೆದರೆ ದೊಡ್ಡ ಶಾಲೆ, ಒಬ್ಬಳೇ ಬಸ್ಸಿನಲ್ಲಿ ಹೋಗುತ್ತಾಳೆ. ಆಮೇಲೆ ಶಾಲೆಯ ಗೇಟಿಗೆ ಅಜ್ಜ ಯಾಕೆ ಬೇಕು? ಮಾವ ಈ ದೇಶಕ್ಕೆ ಬಂದು ಕೇಳಿದ್ದು ಒಂದೇ: "ಒಂದ್ ನಾಕ್ ದಿನಾನರ ಕೂಸಿನ ಸಾಲಿಯಿಂದ ನಾ ನಡಕೊಂತ ಕರಕೊಂಡ್ ಬರಬೇಕು."

ಮಗಳು ಆ ಸಂಜೆಯೇ ಅಜ್ಜನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಪ್ರಾಮಿಸ್ ಮಿ, ಅಜ್ಜಾ."

ಮಾವ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು. "ನಿನ್ನ ಆಣಿಗೂ, ಇನ್ ಮ್ಯಾಲೆ ಅಂಗಡಿಯಿಂದ ಒಂದ್ ಎಳಿ ತಂಬಾಕ ತರೂದಿಲ್ಲ."

ತಂಬಾಕನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದರು. ಎಲೆ ಅಡಿಕೆಗೆ ಬೇಕಲ್ಲ ಎಂದು ಸುಣ್ಣದ ಡಬ್ಬಿ ಮಾತ್ರ ಉಳಿಸಿಕೊಂಡರು. ನನ್ನ ಗಂಡನ ಕಣ್ಣಲ್ಲಿ ನೀರು. ನನಗೂ ಅಷ್ಟೇ. ದಿನವೂ ಕಾನೂನಿನ ಒಂದೊಂದು ಪದವನ್ನೂ ಅಳೆದು ಬರೆಯುವವಳು ನಾನು, ಆ ಆಣೆಯನ್ನು ಮಾತ್ರ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ನೋಡಿ.

ಖಾಲಿ ಕಡ್ಡಿ

ಅದೇ ಸಮಯಕ್ಕೆ ನನ್ನ ಹತ್ತಿರ ಒಂದು ಹೊಸ ಅರ್ಜಿ ಬಂದಿತ್ತು. ಕಂಡುಹಿಡಿದವರು ಬೆಳ್ಳಿ ಕೂದಲಿನ ಒಬ್ಬ ಇಂಗ್ಲಿಷ್ ಸಾಹೇಬರು. ಕಡ್ಡಿಯ ವಿಷಯ ಬಂದರೆ ಹೆತ್ತ ಮಗುವಿನ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ನಾನು ಮನೆಯಿಂದ ಕೆಲಸ ಮಾಡುವ ದಿನಗಳಿಗಾಗಿ ಇಪ್ಪತ್ತು ಕಡ್ಡಿಗಳ ಡಬ್ಬಿಯೊಂದನ್ನು ಕಳಿಸಿದ್ದರು, ನೋಡಿ ಚಿತ್ರ ಬರೆಸಲು. ಊಟದ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕದಲ್ಲಿ ಅದು ಇರುತ್ತಿತ್ತು.

ಎರಡು ವಾರದ ನಂತರ ಒಂದು ಕಡ್ಡಿ ತೆಗೆದರೆ ಹಗುರ ಅನ್ನಿಸಿತು. ತುದಿ ನೋಡಿದರೆ ಒಳಗೆ ತಂಬಾಕೇ ಇಲ್ಲ. ಕಾಗದದ ಕೊಳವೆ ನೆಟ್ಟಗಿದೆ, ಫಿಲ್ಟರ್ ಇದೆ, ಒಳಗೆ ಬರೀ ಗಾಳಿ. ಇನ್ನೊಂದು ತೆಗೆದೆ, ಅದೂ ಖಾಲಿ. ಹನ್ನೊಂದು ಕಡ್ಡಿ ಹೀಗೆ. ನಾನು ಸಾಹೇಬರಿಗೆ ಬರೆದೆ: "ನಿಮ್ಮ ಕಡ್ಡಿಯಿಂದ ತಂಬಾಕು ತಾನಾಗಿ ಉದುರಿಹೋಗುತ್ತಿದೆ."

ಸಾಹೇಬರು ಕಂಗಾಲಾದರು. ಪ್ರಯೋಗಶಾಲೆಯಲ್ಲಿ ಕಡ್ಡಿಗಳನ್ನು ಅಲ್ಲಾಡಿಸಿದರಂತೆ, ಮೇಲಿನಿಂದ ಬೀಳಿಸಿದರಂತೆ, ಫ್ರಿಜ್ಜಿನಲ್ಲಿಟ್ಟರಂತೆ. ಒಂದು ಚೂರೂ ಉದುರಲಿಲ್ಲ. ಕೊನೆಗೆ, ಕಡ್ಡಿಯ ತುದಿಗೆ ಕಾಗದದ ಒಂದು ಮುಚ್ಚಳ ಹಾಕಿ ಹೊಸ ವಿನ್ಯಾಸವನ್ನೇ ಮಾಡಿ ಕಳಿಸಿದರು. ನಾನು ಅದನ್ನೂ ಅರ್ಜಿಗೆ ಸೇರಿಸಿದೆ: "ಇದುವರೆಗಿನ ಕಡ್ಡಿಗಳಿಂದ ತಂಬಾಕು ಕಾರಣ ತಿಳಿಯದಂತೆ ಮಾಯವಾಗುವ ಸಮಸ್ಯೆ ಇದೆ." ಬರೆದಾಗ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಗಿತ್ತು.

ಸಾಹೇಬರ ತಪ್ಪಿಲ್ಲ

ಅರ್ಜಿ ಸಲ್ಲಿಸುವ ಮುಂಚೆ ಖಾಲಿ ಕಡ್ಡಿಗಳನ್ನು ಕಣ್ಣಾರೆ ನೋಡಬೇಕೆಂದು ಸಾಹೇಬರು ವಿಡಿಯೋ ಕರೆ ಮಾಡಿದರು. ಶಾಲೆಗೆ ರಜ, ಮಗಳು ಮೇಜಿನ ಆ ಕಡೆ ಲೆಕ್ಕ ಮಾಡುತ್ತಿದ್ದಳು. ಮಾವ ಸೋಫಾದಲ್ಲಿದ್ದರು. ನಾನು ಕಡ್ಡಿಗಳನ್ನು ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿದೆ. ಸಾಹೇಬರ ಮುಖ ಬಾಡುತ್ತ ಹೋಯಿತು.

ಮಾವ ಕೇಳಿದರು. "ಆ ಮನಶ್ಯಾ ಯಾಕ ಅಷ್ಟು ಸಣ್ಣ ಮಾರಿ ಮಾಡ್ಯಾನ?"

"ಅವರ ಕಡ್ಡಿ ಸರಿ ಇಲ್ಲ ಅಂತ ಮಾವ. ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತು ಅಂತ ಸಂಕಟ ಪಡ್ತಿದ್ದಾರೆ."

ಮಾವ ಸ್ವಲ್ಪ ಹೊತ್ತು ಧೋತರದ ಅಂಚನ್ನು ತಿರುವಿದರು. ಆಮೇಲೆ ಕೋಲು ಊರಿಕೊಂಡು ಎದ್ದು ಬಂದು ಕ್ಯಾಮೆರಾದ ಮುಂದೆಯೇ ಕೂತರು.

"ಸಾಹೇಬ್ರ ತಪ್ಪಿಲ್ಲವಾ. ಅವರಿಗೆ ಹೇಳು."

ಎನ್ನುತ್ತಲೇ ಒಂದು ತುಂಬಿದ ಕಡ್ಡಿ ಎತ್ತಿಕೊಂಡರು. ಅಂಗಿಯಿಂದ ಒಂದು ಸೇಫ್ಟಿ ಪಿನ್ನು ತೆಗೆದು ತುದಿಗೆ ಚುಚ್ಚಿ, ನಾಜೂಕಾಗಿ ತಂಬಾಕನ್ನೆಲ್ಲ ಅಂಗೈಗೆ ಎಳೆದರು. ಚಂಚಿಯಿಂದ ಸುಣ್ಣ ಬಂತು. ಹೆಬ್ಬೆರಳು ತಿಕ್ಕಿತು. ಪಟಪಟ ಎರಡು ಏಟು. ಖಾಲಿ ಕೊಳವೆಯನ್ನು ಮರ್ಯಾದೆಯಾಗಿ ಡಬ್ಬಿಯಲ್ಲಿ ವಾಪಸ್ ಇಟ್ಟರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮಾವ! ಆಣೆ ಮಾಡಿದ್ರಲ್ಲ!"

"ಅಂಗಡಿಯಿಂದ ತರೂದಿಲ್ಲ ಅಂದಿದ್ದೆ. ಇದು ಅಂಗಡೀದಲ್ಲವಾ, ನಿನ್ನ ಆಫೀಸಿಂದು."

ಮಗಳು ಪೆನ್ಸಿಲ್ ಕೆಳಗಿಟ್ಟಳು. ಕೂಗಾಡಲಿಲ್ಲ. "ಯು ಪುಟ್ ಯುವರ್ ಹ್ಯಾಂಡ್ ಆನ್ ಮೈ ಹೆಡ್, ಅಜ್ಜಾ" ಎಂದಳು, ಕಣ್ಣೀರು ಪಟಪಟ ಉದುರಿತು. ಮಾವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಆ ಮಾತಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಅಂಗೈಯಲ್ಲಿದ್ದದ್ದನ್ನು ಹಾಗೇ ಬುಟ್ಟಿಗೆ ಕೊಡವಿದರು. ಸುಣ್ಣದ ಡಬ್ಬಿ ಸಮೇತ ಇಡೀ ಚಂಚಿಯನ್ನು ಅವಳ ಕೈಗೆ ಕೊಟ್ಟರು. "ತಪ್ಪಾತು ನಮ್ಮವ್ವಾ. ಇನ್ನ ಅಂಗಡೀದೂ ಇಲ್ಲ, ಆಫೀಸಿಂದೂ ಇಲ್ಲ, ದೇವರು ಕೊಟ್ರೂ ಇಲ್ಲ."

ಪರದೆಯ ಮೇಲೆ ಸಾಹೇಬರು ಇನ್ನೂ ಇದ್ದರು. ನಡೆದದ್ದನ್ನೆಲ್ಲ ಹೇಳಿ, ಕ್ಷಮೆ ಕೇಳಿದೆ. ಅವರು ಬೈಯುತ್ತಾರೆಂದುಕೊಂಡರೆ ಕನ್ನಡಕ ಹಾಕಿಕೊಂಡು ಮುಂದೆ ಬಾಗಿದರು. "ರುಚಿ ಹೇಗಿತ್ತು ಅಂತ ದಯವಿಟ್ಟು ಕೇಳ್ತೀರಾ?"

ಕೇಳಿದೆ. ಮಾವ ಕಣ್ಣು ಒರೆಸಿಕೊಂಡು, ತಜ್ಞರ ಗತ್ತಿನಲ್ಲಿ ಹೇಳಿದರು. "ಸಪ್ಪಗ ಐತಿ. ಮ್ಯಾಲೆ ಸೀ ಬ್ಯಾರೆ. ಹನ್ನೊಂದು ತಿಂದ್ರೂ ತೆಲಿಗೆ ಏರಲಿಲ್ಲ. ಐವತ್ತು ವರ್ಷದ ಚಟ ಬಿಡಸಾಕ ಇದ ಛಲೋ ಔಷಧ ಅಂತ ಬರಿ."

ಸಾಹೇಬರು ಅದನ್ನು ಬರೆದುಕೊಂಡರು. ಪುಣ್ಯಕ್ಕೆ ಅರ್ಜಿ ಇನ್ನೂ ಹೋಗಿರಲಿಲ್ಲ. "ಕಾರಣ ತಿಳಿಯದಂತೆ" ಎಂಬುದನ್ನು ಮಾತ್ರ ಹೊಡೆದುಹಾಕಿದೆ.

ಗೇಟಿನಲ್ಲಿ

ಆವತ್ತೇ ನರ್ಸಿಗೆ ಫೋನು ಮಾಡಿ ನಿಜ ಹೇಳಿದೆವು. ಇನ್ನೂ ದಿನವಿದೆ, ಈಗಲಾದರೂ ಬಿಟ್ಟರೆ ತಾರೀಖು ಉಳಿಯುತ್ತದೆ ಎಂದರು. ಮಾವ ಬಿಟ್ಟರು. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವ ಹಾಗಿರಲಿಲ್ಲ. ಸಾರಿಗೆ ಉಪ್ಪು ಕಡಿಮೆ, ಟಿವಿ ಜೋರು, ಮಗ ದಂಡಪಿಂಡ. ಆದರೆ ಬಿಟ್ಟರು. ಆಪರೇಷನ್ ಸಾಂಗವಾಯಿತು, ಕೆಲವು ವಾರಗಳಲ್ಲಿ ಮಾವ ದಿನವೂ ಮೊಮ್ಮಗಳನ್ನು ಕರೆತರಲು ಶಾಲೆಗೆ ನಡೆದುಹೋಗತೊಡಗಿದರು.

ಜೂನ್ ತಿಂಗಳಲ್ಲಿ ಸಾಹೇಬರಿಂದ ಒಂದು ಪೊಟ್ಟಣ ಬಂತು. ತುದಿಗೆ ಮುಚ್ಚಳ ಹಾಕಿದ ಒಂದೇ ಒಂದು ಹೊಸ ಕಡ್ಡಿ, ಜೊತೆಗೆ ಚೀಟಿ: "ನಿಮ್ಮ ಮಾವನವರಿಗೆ ಇದನ್ನು ಖಾಲಿ ಮಾಡಲು ಸಾಧ್ಯವೇ? ದಯವಿಟ್ಟು ತಿನ್ನದಿರಲಿ."

ಮಾವ ಪಿನ್ನಿನಿಂದ ಚುಚ್ಚಿದರು, ಆಗಲಿಲ್ಲ. ತುದಿ ತಿರುವಿದರು, ಆಗಲಿಲ್ಲ. ಆಮೇಲೆ ಹೆಬ್ಬೆರಳ ಉಗುರಿನಿಂದ ಕಡ್ಡಿಯ ಹೊಟ್ಟೆಯನ್ನು ಸರ್ ಎಂದು ಸೀಳಿದರು. ತಂಬಾಕೆಲ್ಲ ಅಂಗೈಗೆ ಬಂತು. ಹೆಬ್ಬೆರಳು ತಾನಾಗಿಯೇ ತಿಕ್ಕತೊಡಗಿತು.

ಮಾವ ಗಡಿಯಾರ ನೋಡಿದರು. ಮೂರು ಗಂಟೆ. ಹಿತ್ತಲಿಗೆ ಹೋಗಿ ತಂಬಾಕನ್ನು ಕಸದ ಡಬ್ಬಕ್ಕೆ ಸುರಿದು, ಸೋಪು ಹಚ್ಚಿ ಕೈ ತೊಳೆದು, ಬಾಯಿ ಮುಕ್ಕಳಿಸಿದರು.

"ತಿಂದಿಲ್ಲವಲ್ಲ ಮಾವ, ಬಾಯಿ ಯಾಕೆ?"

"ನಿನಗೇನ್ ಗೊತ್ತು. ಗೇಟಿನಾಗ ತಪಾಸಣಿ ಐತಿ."

ಆ ದಿನ ನಾನೂ ಜೊತೆಗೆ ಹೋದೆ. ಮಾವ ಧೋತರ, ಕೋಟು, ಕೋಲು ಸಮೇತ ಶಾಲೆಯ ಗೇಟಿನಲ್ಲಿ ನೆಟ್ಟಗೆ ನಿಂತರು. ಗಂಟೆ ಹೊಡೆಯಿತು. ಮಗಳು ಓಡಿ ಬಂದಳು. ಮಾವ ಸ್ವಲ್ಪ ಬಾಗಿ, ಬಾಯಿ ಅಗಲಿಸಿ "ಆ" ಎಂದರು. ಅವಳು ತುದಿಗಾಲಿನಲ್ಲಿ ನಿಂತು ಮೂಸಿದಳು. "ಓಕೆ, ಕ್ಲಿಯರ್" ಎಂದು ಬ್ಯಾಗು ಅಜ್ಜನ ಹೆಗಲಿಗೆ ಹಾಕಿ, ಕೈ ಹಿಡಿದುಕೊಂಡಳು. ಮಾವನ ಮುಖ ನೋಡಬೇಕಿತ್ತು ನೀವು. ಮಂತ್ರಿ ಪದವಿ ಕೊಟ್ಟಿದ್ದರೂ ಅಷ್ಟು ಅರಳುತ್ತಿರಲಿಲ್ಲ.

ಗೇಟಿನಲ್ಲಿ ನಿಂತಿದ್ದ ಟೀಚರು ನನ್ನ ಹತ್ತಿರ ಬಂದು, ಬಹಳ ವಿನಯದಿಂದ ಕೇಳಿದರು. "ದಿನಾ ನೋಡ್ತೀನಿ, ತುಂಬ ಚೆನ್ನಾಗಿದೆ. ಇದು ನಿಮ್ಮ ಕಡೆಯ ಪದ್ಧತಿಯಾ?"

ಎಲ್ಲಿಂದ ಶುರುಮಾಡಿ ಹೇಳಲಿ? "ಹೂಂ, ನಮ್ಮ ಮನೆಯದ್ದು" ಎಂದುಬಿಟ್ಟೆ.

ಮರುದಿನ ನಾವು ಗೇಟು ತಲುಪುತ್ತಿದ್ದಂತೆ ಆ ಟೀಚರು ಮಾವನನ್ನು ಕಂಡರು. ಎರಡೂ ಕೈ ಜೋಡಿಸಿ, ಗೌರವದಿಂದ ಬಾಗಿ, ಬಾಯಿ ಅಗಲಿಸಿ "ಆ" ಎಂದರು. ಮಾವ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಮುಂದೆ ಬಾಗಿ, ಮೂಸಿ, ನನ್ನ ಕಡೆ ತಿರುಗಿ ಹೇಳಿದರು.

"ಪಾಪ, ಈಕಿ ಇನ್ನೂ ಸಿಗರೇಟ ಬಿಟ್ಟಿಲ್ಲ ನಮ್ಮವ್ವಾ. ಆ ಸಾಹೇಬ್ರ ಕಡ್ಡಿ ಒಂದ್ ಹನ್ನೊಂದು ತರಸಿ ಕೊಡು."