ಸಿಲಿಂಡರಿಗೆ ಊದುಬತ್ತಿ

ಉಪದೇಶ ಮಾಡುವವನಿಗೆ ಒಂದು ದೊಡ್ಡ ಅನುಕೂಲವಿದೆ. ಅದನ್ನು ಕೂತು ಕೇಳುವ ಕಷ್ಟ ಅವನಿಗಿಲ್ಲ. ಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಹೆಂಡತಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ. ಹಾಗಾಗಿ ನ್ಯಾಮತಿಯ ಹೊರಗೆ, ಸವಳಂಗದ ರಸ್ತೆಯಲ್ಲಿರುವ ನಮ್ಮ ಮೆಕ್ಕೆಜೋಳದ ಗೋದಾಮಿನಲ್ಲಿ ಬೆಂಕಿ ಬೀಳದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಸಾಹುಕಾರರು ನನಗೆ ವಹಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ದಿನಾ ಹೊನ್ನಾಳಿಯಿಂದ ಬಸ್ಸಿನಲ್ಲಿ ನಿಂತೇ ಬಂದು ಲೆಕ್ಕ ಬರೆಯುವ ಬಡ ರೈಟರಿಗೆ ಕೊನೆಗೂ ಎಂಟು ಜನ ಕೇಳುಗರು ಸಿಕ್ಕಿದ್ದರು. ಎಂಟೂ ಜನ ಹಮಾಲರು. ಸಾಹುಕಾರರ ಅಪ್ಪಣೆಯಾದ್ದರಿಂದ ಎದ್ದು ಹೋಗುವಂತಿರಲಿಲ್ಲ.

ಚನ್ನಗಿರಿಯಲ್ಲಿ ಒಂದು ದಿನದ ತರಬೇತಿಗೂ ಹೋಗಿ ಬಂದೆ. ಊಟ ಚೆನ್ನಾಗಿತ್ತು. ಬಂದವನೇ ಶುರುಮಾಡಿದೆ: ಖಾಲಿ ಚೀಲಗಳನ್ನು ಗೋಡೆಗೆ ಒತ್ತಿ ರಾಶಿ ಹಾಕಬೇಡಿ, ಹೋಗುವಾಗ ಮೇನ್ ಸ್ವಿಚ್ ಆರಿಸಿ, ಬಾಗಿಲಿಗೆ ಅಡ್ಡ ಏನೂ ಇಡಬೇಡಿ, ಬೀಡಿಯಂತೂ ಗೇಟಿನ ಆಚೆಗೇ. ಬೀಡಿಯ ಮಾತು ಬಂದಾಗ ಎಲ್ಲರೂ ರಹಿಮಾನ್ ಸಾಬರ ಕಡೆ ತಿರುಗುತ್ತಿದ್ದರು. ಗೋವಿನಕೋವಿಯ ಈ ಸಾಬರು ನಮ್ಮ ಹಮಾಲರಲ್ಲೆಲ್ಲ ಹಿರಿಯರು, ಬೀಡಿಯಲ್ಲೂ ಹಿರಿಯರು. ನಾನು ಬಿಡಲಿಲ್ಲ, ದಿನಾ ಬೆನ್ನು ಹತ್ತಿದೆ. ಒಂದು ದಿನ ಅವರು ಬೀಡಿಕಟ್ಟನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿ, “ತಗಳ್ರಿ ರೈಟ್ರೆ. ಬೀಡಿ ಬಿಟ್ರೂ ಬದುಕಬೋದು, ನಿಮ್ಮ ಬಾಯಾಗೆ ಬದುಕಾಕೆ ಆಗಲ್ಲ” ಅಂದರು. ಅವತ್ತಿನಿಂದ ನಿಜಕ್ಕೂ ಮುಟ್ಟಲಿಲ್ಲ. ಆ ಕೀರ್ತಿಯನ್ನು ನಾನು ಬಸ್ಸಿನಲ್ಲಿ ಪಕ್ಕದವರಿಗೂ ಹೇಳಿಕೊಂಡು ಬಂದೆ.

ಗೋದಾಮಿಗೆ ಹೊಸದಾಗಿ ಬೆಂಕಿ ಆರಿಸುವ ಕೆಂಪು ಸಿಲಿಂಡರೂ ಬಂತು. ಆಯುಧಪೂಜೆಯ ದಿನ ತೂಕದ ಯಂತ್ರಕ್ಕೆ, ಲಾರಿಗೆ, ಕೊನೆಗೆ ಚೀಲ ಹೊಲಿಯುವ ದಬ್ಬಳಕ್ಕೂ ಪೂಜೆಯಾದ ಮೇಲೆ ಇದನ್ನೊಂದು ಬಿಡಲಾದೀತೇ? ಅರಿಸಿನ ಕುಂಕುಮ ಹಚ್ಚಿ, ಹಿಡಿಗೆ ಅರಿಸಿನದ ದಾರವನ್ನು ಏಳು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದೆ. ಹಬ್ಬ ಮುಗಿದರೂ ನನ್ನ ಭಕ್ತಿ ಮುಗಿಯಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೊಂದು ಊದುಬತ್ತಿ ಬೆಳಗಿ, ತೂಗುಹಾಕಿದ ಕೊಕ್ಕೆಯ ಸಂದಿಗೆ ಸಿಕ್ಕಿಸಿ, ಕೈಮುಗಿದು ಲೆಕ್ಕ ಬರೆಯಲು ಕೂರುತ್ತಿದ್ದೆ. ಊದುಬತ್ತಿಯ ತುದಿಯಲ್ಲಿರುವುದೂ ಬೆಂಕಿಯೇ ಎಂದು ನನಗೆ ಹೊಳೆದಿದ್ದರೆ ಕೇಳಿ! ಬೆಂಕಿ ಅಂದರೆ ಬೀಡಿ, ಊದುಬತ್ತಿ ಅಂದರೆ ಭಕ್ತಿ. ನನ್ನ ತಲೆಯಲ್ಲಿ ಅವೆರಡರ ಖಾತೆ ಬೇರೆ ಬೇರೆ.

ಒಂದು ಸೋಮವಾರ ಲಾರಿ ಬೇಗ ಬಂತು. ಖಾಲಿ ಚೀಲ ಎಲ್ಲಿ ಹಾಕಾನ ಎಂದು ಹಮಾಲರು ಕೇಳಿದಾಗ, ಅವಸರದಲ್ಲಿ “ಸದ್ಯಕ್ಕೆ ಅಲ್ಲೇ ಹಾಕ್ರಿ” ಎಂದು ಸಿಲಿಂಡರಿನ ಕೆಳಗೇ ಕೈ ತೋರಿಸಿದವನು ನಾನೇ. ಹತ್ತು ಗಂಟೆಯ ಹೊತ್ತಿಗೆ “ಹೊಗೆ! ಹೊಗೆ!” ಎಂದು ಕೂಗೆದ್ದಿತು. ಓಡಿದೆ. ಚೀಲದ ರಾಶಿಯ ಒಂದು ಮೂಲೆ ಉರಿಯತೊಡಗಿತ್ತು. ಸಿಲಿಂಡರ್ ಎಳೆದುಕೊಂಡು, ಹಿಡಿಯಲ್ಲಿ ಕೀಳಬೇಕಾದ ಪಿನ್ನಿಗೆ ಕೈ ಹಾಕಿದರೆ ಅದರ ಮೇಲೆಲ್ಲ ನನ್ನ ಏಳು ಸುತ್ತಿನ ದಾರ! ಉಗುರಿನಲ್ಲಿ ಕಿತ್ತೆ, ಹಲ್ಲಿನಲ್ಲಿ ಕಚ್ಚಿದೆ. ಬಾಯಿ ತುಂಬ ಅರಿಸಿನವಾಯಿತೇ ಹೊರತು ಗಂಟು ಬಿಚ್ಚಲಿಲ್ಲ. ಅಷ್ಟರಲ್ಲಿ ರಹಿಮಾನ್ ಸಾಬರು ಉರಿಯುವ ಚೀಲಗಳನ್ನು ಬರಿಗೈಯಲ್ಲಿ ಅಂಗಳಕ್ಕೆಳೆದು, ಎರಡು ಕೊಡ ಕುಡಿಯುವ ನೀರು ಸುರಿದು ಕೆಲಸ ಮುಗಿಸಿದ್ದರು. ಆಮೇಲೆ ಕೊಕ್ಕೆಯ ಸಂದಿ ನೋಡಿದೆ. ಬೆಳಿಗ್ಗೆ ಸಿಕ್ಕಿಸಿದ ಊದುಬತ್ತಿ ಅಲ್ಲಿರಲಿಲ್ಲ. ಕೆಳಗಿನ ಚೀಲದ ಮೇಲೇ ಬಿದ್ದಿರಬೇಕು.

ಸಾಹುಕಾರರು ಬಂದರು. ಸುಟ್ಟ ಚೀಲ ನೋಡಿದರು, ನೇರ ಸಾಬರನ್ನು ನೋಡಿದರು. “ಬೀಡಿ ಸೇದಿದ್ಯಾ?”

“ಇಲ್ರಿ ಸಾಹುಕಾರ್ರೆ. ಬಿಟ್ಟೀನಿ.”

“ಬಿಟ್ಟೀನಿ ಅನ್ನೋರ್ನ ಭಾಳ ನೋಡೀನಿ. ನಾಳಿಂದ ಬರಬ್ಯಾಡ.”

ಸಾಬರು ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅವರ ಸುಮ್ಮನಿರುವಿಕೆಗೆ ಮರ್ಯಾದೆಯಿತ್ತು, ನನ್ನದಕ್ಕೆ ಇರಲಿಲ್ಲ. ಈಗ ಸಿಟ್ಟಿನಲ್ಲಿದ್ದಾರೆ, ಊಟವಾಗಲಿ ಅಂದುಕೊಂಡೆ. ಊಟವಾದ ಮೇಲೆ, ನಿದ್ದೆಗಣ್ಣಿನಲ್ಲಿದ್ದಾರೆ, ಟೀ ಆಗಲಿ ಅಂದುಕೊಂಡೆ. ನಡುವೆ ಮುಲಾಮು ತಂದು ಸಾಬರ ಅಂಗೈಗೆ ಹಚ್ಚಿದೆ. ಬೊಬ್ಬೆ ಎದ್ದಿದ್ದವು. ಅವರು ಕೈ ಚಾಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಲಾಮಿನ ಟ್ಯೂಬಿನ ಮೇಲಿನ ಅಕ್ಷರ ಓದುತ್ತಿದ್ದೆ. ಆ ಮಧ್ಯಾಹ್ನದಷ್ಟು ನನ್ನ ಮೇಲೆ ನನಗೆ ಅಸಹ್ಯವಾದದ್ದು ಮತ್ತೆಂದೂ ಇಲ್ಲ.

ಸಂಜೆ ಸಾಹುಕಾರರು ಕಾರು ಹತ್ತುವಾಗ ಅಡ್ಡ ನಿಂತು, ಊದುಬತ್ತಿಯಿಂದ ದಾರದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಕಾರಿನೊಳಗಿಟ್ಟ ಕಾಲನ್ನು ಮತ್ತೆ ಕೆಳಗಿಟ್ಟರು. “ಬೆಂಕಿ ಆರ್ಸೋದಕ್ಕೆ ಬೆಂಕಿ ಹಚ್ಚಿ ಪೂಜೆ ಮಾಡಿದ್ರೇನ್ರಿ? ನಿಮ್ಮನ್ನ ಚನ್ನಗಿರಿಗೆ ಕಳ್ಸಿದ್ದು ಇದಕ್ಕಾ?” ಅಂದರು. ಆಮೇಲೆ ಸಾಬರ ಕಡೆ ತಿರುಗಿ, “ನಾಳೆ ಬಾರಪ್ಪಾ. ನಂದೂ ತಪ್ಪಾತು” ಎಂದು ಹೇಳಿ ಹೋದರು.

ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಸಾಬರು ಜೇಬಿನಿಂದ ಅರ್ಧ ಸುಟ್ಟ ಊದುಬತ್ತಿ ಕಡ್ಡಿ ತೆಗೆದು ನನ್ನ ಕೈಗಿಟ್ಟರು. “ನೀರು ಹಾಕುವಾಗ್ಲೆ ಚೀಲದಾಗೆ ಸಿಕ್ತು.”

“ಅಯ್ಯೋ, ಮತ್ತೆ ಯಾಕೆ ಹೇಳಲಿಲ್ಲ ಸಾಬ್ರೆ?”

“ನಾ ಹೇಳಿದ್ರೆ, ತಾನು ತಪ್ಪಿಸ್ಕಳಾಕೆ ರೈಟ್ರ ಮ್ಯಾಲೆ ಹಾಕ್ದ ಅಂತಿದ್ರು. ನೀವು ಹೇಳಿದ್ರೆ ನನ್ನ ಹೆಸ್ರು ಉಳಿತೈತೆ. ಹೇಳ್ತೀರಿ ಅಂತ ಗೊತ್ತಿತ್ತು.” ಆಮೇಲೆ ನಕ್ಕರು. “ಆದ್ರೂ ರೈಟ್ರೆ, ಬೆಂಕಿ ಎರಡು ಕೊಡ ನೀರಿಗೆ ಆರ್ತು. ನಿಮ್ಮ ಬಾಯಿ ತೆಗೆಸಾಕೆ ಸಂಜಿ ಆತು ನೋಡ್ರಿ!”

ಈಗ ಬೆಂಕಿಯ ಆ ಜವಾಬ್ದಾರಿ ರಹಿಮಾನ್ ಸಾಬರದು. ಮೊದಲ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಎರಡೇ ಮಾತು ಹೇಳಿದರು: “ಚೀಲ ದೂರ ಇಡ್ರಿ. ತಪ್ಪಾದ್ರೆ ಬೇಗ ಹೇಳ್ರಿ.” ಎರಡನೆಯದನ್ನು ಹೇಳುವಾಗ ಬೇಕೆಂದೇ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು.