ಕಕ್ಕಡದಲ್ಲಿ ಕಡಲಿಗೆ ಹೊರಡುವವರಿಗೆ

ಬೆಟ್ಟದ ಮೇಲಿನವರು ಕಡಲು ನೋಡಲು ಹೊರಟಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಆಗಲಿಲ್ಲ ಎಂದು ಯಾರಾದರೂ ಹೇಳಿದರೆ, ಅವರು ಹೋಗಿಯೇ ಇಲ್ಲ ಎಂದು ನಾನು ತಿಳಿಯುತ್ತೇನೆ.

ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದೆ. ರೈಟರ್ ಎಂದರೆ ಆಳುಗಳ ಹಾಜರಿ ನೋಡುವ ಗುಮಾಸ್ತ, ಅಷ್ಟೆ. ಅದಕ್ಕೆ ಮೊದಲು ಸಿಲೋನಿನ ಒಂದು ರಬ್ಬರ್ ತೋಟದಲ್ಲಿ ಕೆಲವು ವರ್ಷ ದುಡಿದು ಬಂದಿದ್ದೆ. ಪರದೇಶ ಬಲ್ಲವನೆಂಬ ಹೆಸರು ಬರಲು ಅಷ್ಟು ಸಾಕಾಯಿತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಯಾರಿಗೆ ಪರದೇಶದ ಕಡಲು ನೋಡುವ ಆಸೆ ಹುಟ್ಟಿದರೂ ನೇರ ನನ್ನ ಮನೆಯ ಜಗಲಿಗೆ ಬರುತ್ತಿದ್ದರು. ನಾನು ಪುಕ್ಕಟೆ ಸಲಹೆ ಕೊಡುತ್ತಿದ್ದೆ. ಪುಕ್ಕಟೆಯಾದ್ದರಿಂದ ಯಾರೂ ಅದರಂತೆ ನಡೆಯುತ್ತಿರಲಿಲ್ಲ.

ನಮ್ಮ ಸಾಹುಕಾರರು ಹೊರಟಾಗ ಮಾತ್ರ ಸಲಹೆಯ ಜೊತೆ ನನ್ನನ್ನೂ ಕಟ್ಟಿಕೊಂಡು ಹೋದರು. ಆ ಪ್ರವಾಸದಲ್ಲಿ ಕಲಿತದ್ದನ್ನು ಹೇಳುತ್ತೇನೆ. ಬೇಕಾದವರು ಉಪಯೋಗಿಸಿಕೊಳ್ಳಬಹುದು.

೧. ಕಾಲ ನೋಡಿ ಹೊರಡಿ

ಸಾಹುಕಾರರ ಹೆಂಡತಿಯನ್ನು ನಾವೆಲ್ಲ ಅಮ್ಮ ಎನ್ನುತ್ತಿದ್ದೆವು. ಪರದೇಶಕ್ಕೆ ಕರೆದುಕೊಂಡು ಹೋಗಿ ಕಡಲು ತೋರಿಸುತ್ತೇನೆಂದು ಮದುವೆಯಾದ ಹೊಸತರಲ್ಲೇ ಸಾಹುಕಾರರು ಆಕೆಗೆ ಮಾತು ಕೊಟ್ಟಿದ್ದರು. ಮಗಳ ಮದುವೆಯಾಯಿತು, ಮೊಮ್ಮಗ ನಡೆಯಲು ಕಲಿತ, ಕಡಲು ಮಾತ್ರ ಇದ್ದಲ್ಲೇ ಇತ್ತು. ಚಳಿಗಾಲದಲ್ಲಿ ಹೋಗೋಣವೆಂದರೆ ಕಾಫಿ ಕೊಯ್ಲು. ಕೊಯ್ಲು ಮುಗಿದರೆ ಕಾಫಿ ಹೂ ಬಿಡಿಸುವ ಹೂಮಳೆಗೆ ಕಾಯಬೇಕು. ಹೂಮಳೆ ಬಂದರೆ ಕಾಯಿ ಕಚ್ಚಿತೋ ಇಲ್ಲವೋ ನೋಡಬೇಕು.

ಒಂದು ದಿನ ಅಮ್ಮ ನನ್ನನ್ನು ಕರೆದು, "ರೈಟ್ರೇ, ಇವರಿಗೆ ತೋಟದಲ್ಲಿ ಕೆಲಸ ಕಡಿಮೆ ಇರೋ ತಿಂಗಳು ಯಾವುದು ಹೇಳಿ" ಎಂದರು.

"ಕಕ್ಕಡ ಅಮ್ಮ. ಆ ಆಷಾಢದ ಮಳೆಗೆ ಯಾರು ಹೊರಗೆ ಹೋಗ್ತಾರೆ?"

"ಆಗ ಸಿಲೋನಿಗೆ ಹೋದ್ರೆ?"

"ಪಡುವಣ ದಂಡೆಯಲ್ಲಿ ನಮ್ಮದೇ ಮಳೆ. ಮೂಡಣಕ್ಕೆ, ತಿರುಕೋಣಮಲೆ ಕಡೆ ಹೋದ್ರೆ ಒಳ್ಳೇ ಬಿಸಿಲು. ಕಡಲು ಕೆರೆ ಹಾಗಿರ್ತದೆ."

ಅಮ್ಮನ ಮುಖ ಅರಳಿತು. ಪಕ್ಕದಲ್ಲಿ ಕೂತಿದ್ದ ಸಾಹುಕಾರರ ಮುಖ ಮಾತ್ರ ಇಳಿಯಿತು. ಅವರ ದಿನ ಶುರುವಾಗುತ್ತಿದ್ದದ್ದೇ ಮಳೆ ಅಳೆಯುವುದರಿಂದ. ಅಂಗಳದಲ್ಲಿ ಆಲಿಕೆ ಇಟ್ಟ ಒಂದು ತಾಮ್ರದ ಡಬ್ಬ ಇತ್ತು. ಅದರಲ್ಲಿ ಬಿದ್ದ ನೀರನ್ನು ಗೆರೆ ಎಳೆದ ಉದ್ದನೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು. ಆ ಗಾಜನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಪಕ್ಕದ ತೋಟಕ್ಕಿಂತ ನಮ್ಮಲ್ಲಿ ಒಂದು ಸೆಂಟು ಹೆಚ್ಚು ಬಿದ್ದ ದಿನ ಅವರು ಯಾರನ್ನೂ ಬಯ್ಯುತ್ತಿರಲಿಲ್ಲ.

"ಕಕ್ಕಡದಲ್ಲಿ ಮಳೆ ಇಲ್ಲದ ಊರಾ?" ಎಂದರು ಸಾಹುಕಾರರು. "ಅಂಥಾ ಊರಲ್ಲಿ ಜನ ಎಂಥ ಮಾತಾಡ್ತಾರೆ?"

೨. ಷರತ್ತನ್ನು ಮನೆಯಲ್ಲೇ ಮಾಡಿಕೊಳ್ಳಿ

ಗಂಡ ಹೆಂಡತಿ ತಮ್ಮತಮ್ಮಲ್ಲಿ ಕೊಡವ ಮಾತು ಆಡುತ್ತಿದ್ದರು. ಜಗಳ ಮಾತ್ರ ಕನ್ನಡದಲ್ಲಿ ಆಗುತ್ತಿತ್ತು, ನಾನು ಸಾಕ್ಷಿಯಾಗಿರಲಿ ಎಂದು. ಆದ್ದರಿಂದ ಅಮ್ಮ ಕನ್ನಡಕ್ಕೆ ತಿರುಗಿದ ಕೂಡಲೇ ನಾನು ನೆಟ್ಟಗೆ ಕೂತೆ.

"ಅಲ್ಲಿ ಇರುವಷ್ಟು ದಿನ ತೋಟ, ಕಾಫಿ, ಮಳೆ, ಈ ಮೂರು ಮಾತು ನಿಮ್ಮ ಬಾಯಿಂದ ಬರಬಾರ್ದು. ಬಂತೋ, ಪ್ರತಿ ಕಕ್ಕಡಕ್ಕೂ ನನ್ನನ್ನು ಕಡಲಿಗೆ ಕರ್ಕೊಂಡು ಹೋಗಬೇಕು."

"ಬಾರದಿದ್ರೆ?"

"ಇನ್ನು ಜನ್ಮದಲ್ಲಿ ಕಡಲಿನ ಹೆಸರು ಎತ್ತುವುದಿಲ್ಲ."

ಸಾಹುಕಾರರು ಒಪ್ಪಿದರು. ಆಮೇಲೆ ನನ್ನನ್ನು ಕಣಜದ ಹಿಂದೆ ಕರೆದು ಪಿಸುಗುಟ್ಟಿದರು: "ರೈಟ್ರೇ, ಆ ಮೂರು ಬಿಟ್ಟು ಮಾತಾಡ್ಲಿಕ್ಕೆ ಬೇರೆ ಏನಾದ್ರೂ ಉಂಟಾ?"

೩. ಪೆಟ್ಟಿಗೆಯಲ್ಲಿ ಏನಿದೆಯೆಂದು ಇಬ್ಬರಿಗೂ ಗೊತ್ತಿರಲಿ

ಬಿಸಿಲಿನ ಊರು, ತೆಳ್ಳಗಿನ ಬಟ್ಟೆ ಸಾಕು ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೆ. ಪೆಟ್ಟಿಗೆಯಲ್ಲಿ ಉಣ್ಣೆಯ ಸ್ವೆಟರು, ಮೊಣಕಾಲುದ್ದದ ರಬ್ಬರ್ ಬೂಟು, ಒಲೆಯ ಮೇಲೆ ಒಣಗಿಸಿದ ಹಂದಿ ಮಾಂಸ, ಒಂದು ಬಾಟ್ಲಿ ಕಾಚಂಪುಳಿ ಎಲ್ಲ ಇದ್ದವು. ರೈಲಾಯಿತು, ಧನುಷ್ಕೋಟಿಯಿಂದ ಹಡಗಾಯಿತು. ಆಚೆ ದಡದಲ್ಲಿ ಕಸ್ಟಮ್ಸಿನವನು ಪೆಟ್ಟಿಗೆ ಬಿಚ್ಚಿಸಿದ. ಕಾಚಂಪುಳಿಯ ಬಾಟ್ಲಿ ಮೂಸಿ ನೋಡಿ, ರಸ್ತೆಗೆ ಹಾಕುವ ಡಾಂಬರಾ ಎಂದು ತಮಿಳಿನಲ್ಲಿ ಕೇಳಿದ. ಮೀನು ಸಾರಿಗೆ ಹಾಕುವ ಹುಳಿ ಎಂದೆ. ನಂಬಿದ.

ಆಮೇಲೆ ಉಣ್ಣೆಯ ಕಾಲುಚೀಲಕ್ಕೆ ಕೈಹಾಕಿ ಗೆರೆ ಎಳೆದ ಉದ್ದನೆಯ ಗಾಜನ್ನು ಹೊರತೆಗೆದ. ಮಳೆ ಅಳೆಯುವ ಗಾಜು! ಅಮ್ಮ ನೋಡುತ್ತಾ ನಿಂತಿದ್ದರು.

"ಇದು... ಔಷಧಿ ಕುಡಿಯೋ ಗ್ಲಾಸು" ಎಂದರು ಸಾಹುಕಾರರು.

"ನೀವು ಯಾವತ್ತಿನಿಂದ ಔಷಧಿ ಕುಡಿಯೋದು?" ಎಂದರು ಅಮ್ಮ.

"ಇನ್ನು ಮೇಲೆ ಕುಡೀಬೇಕು ಅಂತ."

"ಒಳ್ಳೇದಾಯ್ತು" ಎಂದರು ಅಮ್ಮ, ಬಹಳ ಮೃದುವಾಗಿ. "ಜ್ವರ ಬಂದ್ರೆ ಇರಲಿ ಅಂತ ನಾನು ನೆಲಬೇವು ತಂದಿದ್ದೇನೆ."

ನೆಲಬೇವಿನ ಕಷಾಯ ಕುಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ ಅಮ್ಮ ಆ ಗಾಜಿನ ತುಂಬ ಕಷಾಯ ಸುರಿದು ಎದುರಿಗೆ ಕೈಕಟ್ಟಿ ನಿಲ್ಲುತ್ತಿದ್ದರು. ಸಾಹುಕಾರರು ಕಣ್ಣು ಮುಚ್ಚಿ, ಮೂಗು ಹಿಡಿದು, ಒಂದೇ ಗುಟುಕಿಗೆ ಇಳಿಸುತ್ತಿದ್ದರು. ಕೊನೆಕೊನೆಗೆ ಅಮ್ಮ ಎದುರಿಗೆ ಬಂದು ನಿಂತ ಕೂಡಲೇ ಅವರ ಕೈ ತಾನಾಗಿ ಮೂಗಿಗೆ ಹೋಗುತ್ತಿತ್ತು.

೪. ಕಾಲಿಗೆ ಏನನ್ನೂ ಹಚ್ಚಬೇಡಿ

ತಿರುಕೋಣಮಲೆಯಲ್ಲಿ ನಾವು ಇಳಿದುಕೊಂಡ ಮನೆ ಕಡಲ ದಂಡೆಯಲ್ಲೇ ಇತ್ತು. ಮೊದಲ ದಿನ ಅಮ್ಮ ಸೀರೆ ಎತ್ತಿಕಟ್ಟಿ ಮಂಡಿಯವರೆಗೆ ನೀರಿನಲ್ಲಿ ನಿಂತು ಚಿಕ್ಕ ಹುಡುಗಿಯ ಹಾಗೆ ನಕ್ಕರು. ನೋಡಿ ನನಗೂ ಬಹಳ ಸಂತೋಷವಾಯಿತು. ಇಷ್ಟು ವರ್ಷ ಕಾಯಿಸಿದರಲ್ಲ ಎಂದು ಸಾಹುಕಾರರ ಮೇಲೆ ಸ್ವಲ್ಪ ಸಿಟ್ಟೂ ಬಂತು.

ಸಾಹುಕಾರರು ಮಾತ್ರ ಮೆಟ್ಟಿಲ ಮೇಲೆ ಕೂತು ಎರಡೂ ಕಾಲಿಗೆ ಹೊಗೆಸೊಪ್ಪಿನ ನೀರು ಮತ್ತು ಬಾರ್ ಸೋಪು ತಿಕ್ಕುತ್ತಿದ್ದರು. ಕಕ್ಕಡದಲ್ಲಿ ಜಿಗಣೆಗೆ ಹೆದರಿ ಹಾಗೆ ಹಚ್ಚಿಕೊಳ್ಳದೆ ಅವರು ಹೊರಗೆ ಕಾಲಿಟ್ಟದ್ದೇ ಇಲ್ಲ. "ಇಲ್ಲಿ ಜಿಗಣೆ ಇಲ್ಲ ಸಾಹುಕಾರ್ರೇ, ಬರೀ ಮರಳು" ಎಂದೆ. "ಅದು ಜಿಗಣೆಗೆ ಗೊತ್ತಿರಬೇಕಲ್ಲ" ಎಂದರು.

ಪಕ್ಕದ ಕೋಣೆಯಲ್ಲಿ ಒಬ್ಬ ಬಿಳಿಯ ದೊರೆ ಮತ್ತು ಅವನ ಹೆಂಡತಿ ಇದ್ದರು. ಇಬ್ಬರೂ ಬಿಸಿಲಿಗೆ ಸುಟ್ಟು ಸೀಗಡಿಯ ಬಣ್ಣಕ್ಕೆ ತಿರುಗಿದ್ದರು. ಸಾಹುಕಾರರ ಕಾಲು ಕೆಂಪಾಗದಿರುವುದನ್ನು ಎರಡು ದಿನ ಗಮನಿಸಿದರು. ಮೂರನೆಯ ದಿನ ನೋಡಿದರೆ ದೊರೆಯೂ ದೊರೆಸಾನಿಯೂ ಮೆಟ್ಟಿಲ ಮೇಲೆ ಕೂತು ಹೊಗೆಸೊಪ್ಪಿನ ನೀರನ್ನು ಮುಖಕ್ಕೆ ಮೆತ್ತಿಕೊಳ್ಳುತ್ತಿದ್ದರು. ಇಡೀ ದಿನ ಸೀನಿದರು.

ಆ ಸಂಜೆ ಕಡಲ ನೀರು ಬಾಯಿಗೆ ಹೋಗಿ ಸಾಹುಕಾರರಿಗೆ ಜಿಗಣೆ ಉದುರಿಸುವ ಉಪ್ಪಿನ ಮಹಿಮೆ ಹೊಳೆಯಿತು. "ಛೇ, ಇಷ್ಟು ಉಪ್ಪುನೀರು ನಮ್ಮ ತೋ..." ಎಂದು ಗಕ್ಕನೆ ನಿಂತರು.

"ತೋ?" ಎಂದರು ಅಮ್ಮ.

"ತೋಳಿಗೆ ಒಳ್ಳೇದು. ತೋಳು ನೋವಿಗೆ."

ಮರುದಿನದ ಕಷಾಯ ಸ್ವಲ್ಪ ಹೆಚ್ಚು ಕಪ್ಪಗಿತ್ತು.

೫. ಕೊನೆಯ ದಿನ ಎಚ್ಚರವಾಗಿರಿ

ಸಾಹುಕಾರರು ಗೆದ್ದರೆಂದೇ ನಾನು ತಿಳಿದಿದ್ದೆ. ಕೊನೆಯ ಸಂಜೆ ಅಮ್ಮ ಬಹಳ ಹೊತ್ತು ಕಡಲನ್ನೇ ನೋಡುತ್ತಾ ನಿಂತಿದ್ದರು. ಇದೇ ಕೊನೆ ಎಂದು ಅವರಿಗೂ ಅನ್ನಿಸಿರಬೇಕು. ನನಗೆ ಪಾಪ ಎನಿಸಿತು.

ಆಗ ಎಲ್ಲಿತ್ತೋ ಏನೋ, ಒಂದು ಮೋಡ ಬಂದು ಸುರಿಯತೊಡಗಿತು. ಜನರೆಲ್ಲ ದಂಡೆಯಿಂದ ಒಳಗೆ ಓಡಿಬಂದರು. ಸಾಹುಕಾರರು ಒಳಗಿನಿಂದ ಹೊರಗೆ ಓಡಿದರು. ಒಂದು ಕೈಯಲ್ಲಿ ಆ ಗಾಜು, ಇನ್ನೊಂದರಲ್ಲಿ ಅಡುಗೆಮನೆಯ ಸೀಮೆಎಣ್ಣೆ ಆಲಿಕೆ. ಗಾಜಿಗೆ ಆಲಿಕೆ ಸಿಕ್ಕಿಸಿ, ಬಾಯಿ ಬಿಗಿಹಿಡಿದು, ನೆನೆಯುತ್ತಾ ನಿಂತರು. ಮಳೆ ಬಂದಷ್ಟೇ ಬೇಗ ಹೋಯಿತು.

ಅವರು ಮೆಟ್ಟಿಲು ಹತ್ತಿ ಬಂದಾಗ ಅಮ್ಮ ಟವೆಲ್ ಕೊಟ್ಟು, ಊಟ ಆಯಿತಾ ಎಂದು ಕೇಳುವ ಹಾಗೆ ಕೇಳಿದರು: "ಎಷ್ಟು ಬಿತ್ತು?"

"ಹತ್ತು ಸೆಂಟೂ ಇಲ್ಲ!" ಎಂದು ಸಾಹುಕಾರರು ಸಿಡಿದರು. "ಇದೂ ಒಂದು ಮಳೆಯಾ? ನಮ್ಮ ತೋಟದಲ್ಲಿ ಇದಕ್ಕಿಂತ ಜಾಸ್ತಿ ಕಾಫಿ ಎಲೆಯಿಂದ ತೊಟ್ಟಿಕ್ತದೆ!"

ಮೂರೂ ಮಾತು ಒಂದೇ ಉಸಿರಿಗೆ ಬಂದಿದ್ದವು.

"ರೈಟ್ರೇ," ಎಂದರು ಅಮ್ಮ, "ಕೇಳಿದಿರಲ್ಲ?"

ಕನ್ನಡದಲ್ಲಿ ಆದದ್ದು, ಕೇಳಲಿಲ್ಲ ಎನ್ನುವ ಹಾಗಿರಲಿಲ್ಲ.

"ನಾನೂ ತೋಟದ ಮನೆಯಲ್ಲೇ ಹುಟ್ಟಿದವಳು" ಎಂದು ಅಮ್ಮ ಗಂಡನ ಕೈಯಿಂದ ಗಾಜು ತೆಗೆದುಕೊಂಡರು. "ನನ್ನ ಅಪ್ಪನ ಹತ್ರವೂ ಇದೇ ಗಾಜು ಇತ್ತು. ಎಷ್ಟು ದಿನ ಕುಡೀತೀರಿ ಅಂತ ನೋಡ್ತಿದ್ದೆ."

೬. ಊರಿಗೆ ಬಂದ ಮೇಲೆ

ನಾವು ತೋಟಕ್ಕೆ ಮರಳಿದ ಬೆಳಿಗ್ಗೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉದ್ದಕ್ಕೂ ಬಾಟ್ಲಿ, ಚೆಂಬು, ತಪ್ಪಲೆ, ಕೊಡ, ಎಲ್ಲದರ ತುಂಬ ನೀರು. ತೋಟ ನೋಡಿಕೊಳ್ಳಲು ಬಿಟ್ಟುಹೋಗಿದ್ದ ಮೇಸ್ತ್ರಿ ಕೈಮುಗಿದು ನಿಂತಿದ್ದ.

"ಗಾಜು ಎಲ್ಲಿ ಹುಡುಕಿದ್ರೂ ಸಿಕ್ಕಲಿಲ್ಲ ಸಾಹುಕಾರ್ರೇ. ಮಳೆ ಚೆಲ್ಲಿಬಿಟ್ರೆ ಲೆಕ್ಕ ಹೋಗ್ತದಲ್ಲ? ದಿನದಿನದ್ದು ಬೇರೆಬೇರೆ ತುಂಬಿಸಿ ಇಟ್ಟಿದ್ದೇನೆ. ಇದು ನೀವು ಹೋದ ಸೋಮವಾರದ್ದು, ಇದು ಮಂಗಳವಾರದ್ದು. ಆ ಕೊಡದ್ದು ಶುಕ್ರವಾರ, ಭಾರೀ ಮಳೆ."

ಸಾಹುಕಾರರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೂಟು ಕೂಡ ಬಿಚ್ಚದೆ ಕೂತರು. ಪೆಟ್ಟಿಗೆಯಿಂದ ಗಾಜು ತೆಗೆದು ಸೋಮವಾರದ ಬಾಟ್ಲಿಯನ್ನು ಮೆಲ್ಲಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿದರು. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು, ಏನಿದು ಗಲಾಟೆ ಎಂದು, ಎದುರಿಗೆ ಕೈಕಟ್ಟಿ ನಿಂತರು.

ಬೆಳಗಿನ ಹೊತ್ತು. ಎದುರಿಗೆ ಅಮ್ಮ. ಕೈಯಲ್ಲಿ ತುಂಬಿದ ಗಾಜು.

ಸಾಹುಕಾರರು ಕಣ್ಣು ಮುಚ್ಚಿ, ಮೂಗು ಹಿಡಿದು, ಒಂದೇ ಗುಟುಕಿಗೆ ಕುಡಿದುಬಿಟ್ಟರು.

"ಅಯ್ಯೋ ಸಾಹುಕಾರ್ರೇ," ಎಂದು ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ಕೂತ, "ಸೋಮವಾರ ಹೋಯ್ತಲ್ಲಾ!"